ಓದುಗರ ಓಲೆ: ಹತ್ತು ಕೇಳಿದರೆ ಮೂರು

*ಮಲೆನಾಡಿನ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಗ್ರಂಥಪಾಲಕಿಯಾಗಿದ್ದು ನಿವೃತ್ತರಾದ ನಮ್ಮ ಅಂಕಣಕಾರ್ತಿ ಈ ತಿಂಗಳ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.*

ಪ್ರಶ್ನೆ: ನಿಮ್ಮ ಸಾರ್ವಕಾಲಿಕ ಮೆಚ್ಚಿನ ಹತ್ತು ಪುಸ್ತಕಗಳನ್ನು ಹೆಸರಿಸಿ. ಏಕೆ ಮೆಚ್ಚು ಎಂಬುದನ್ನೂ ತಿಳಿಸಿ.
(ಓದುಗರೊಬ್ಬರು, ಹಾಸನ)

ಹತ್ತು ಎಂದರೆ ಅದು ಸಂತೆಯ ಚೀಟಿಯಾಗುತ್ತದೆ. ಮೂರು ಹೇಳುತ್ತೇನೆ. ಪುಸ್ತಕ ಮುಚ್ಚಿದ ಮೇಲೆ ಮನೆಯವರನ್ನೋ ನೆರೆಯವರನ್ನೋ ಏನಾದರೂ ಕೇಳಬೇಕು ಎನ್ನಿಸಿದರೆ ಮಾತ್ರ ಅದಕ್ಕೆ ನನ್ನ ಪಟ್ಟಿಯಲ್ಲಿ ಜಾಗ.

ಮೊದಲನೆಯದು ಕಾರಂತರ ‘ಮರಳಿ ಮಣ್ಣಿಗೆ’. ಮೂರು ತಲೆಮಾರಿನ ಕಥೆ ಎಂದು ಪಾಠ ಮಾಡುವವರು ಐತಾಳರಿಂದ ಹಿಡಿದು ಮೊಮ್ಮಗ ರಾಮನವರೆಗೆ ಗಂಡಸರ ಹೆಸರನ್ನೇ ಎಣಿಸುತ್ತಾರೆ. ನನಗೆ ಅದು ಸರಸೋತಿಯ ಪುಸ್ತಕ. ಐತಾಳರ ವಿಧವೆ ತಂಗಿ. ಅಣ್ಣ ಪೌರೋಹಿತ್ಯಕ್ಕೆ ಹೊರಟರೆ ಗದ್ದೆ, ಹಟ್ಟಿ, ಸೌದೆ ಎಲ್ಲವೂ ಅವಳ ಮತ್ತು ಅತ್ತಿಗೆ ಪಾರೋತಿಯ ಬೆನ್ನ ಮೇಲೆ. ನಮ್ಮ ಮನೆಯಲ್ಲೂ ಅಂಥವರೊಬ್ಬರಿದ್ದರು, ಅಪ್ಪನ ಅಕ್ಕ. ಹನ್ನೆರಡನೆಯ ವಯಸ್ಸಿಗೆ ತವರಿಗೆ ಮರಳಿದವರು. ಅವರು ಊಟಕ್ಕೆ ಕೂರುವುದನ್ನು ನಾನು ನೋಡಿಯೇ ಇರಲಿಲ್ಲ. ಅವರು ಕೂರುವ ಹೊತ್ತಿಗೆ ನಾವೆಲ್ಲ ಮಧ್ಯಾಹ್ನದ ನಿದ್ದೆಯಲ್ಲಿರುತ್ತಿದ್ದೆವು. ಪಿಯುಸಿ ರಜೆಯಲ್ಲಿ ಕಾದಂಬರಿ ಮುಗಿಸಿ ನೇರ ಅಡುಗೆಮನೆಗೆ ಹೋಗಿ, “ಅತ್ತೆ, ನಿಮಗೆ ಯಾವ ಅಡುಗೆ ಇಷ್ಟ?” ಎಂದು ಕೇಳಿದೆ. ಅವರು ಪಾತ್ರೆಗಳತ್ತ ತಿರುಗಿ, “ಏನು ಉಳಿದಿದೆ, ನೋಡಿ ಹೇಳುತ್ತೇನೆ ತಡಿ” ಎಂದರು. ತಮಾಷೆಗೆ ಹೇಳಿದ್ದಲ್ಲ. ಪ್ರಶ್ನೆ ಅವರಿಗೆ ಹಾಗೆಯೇ ಅರ್ಥವಾಗಿತ್ತು. ಈಗಲೂ ಎರಡು ವರ್ಷಕ್ಕೊಮ್ಮೆ ಆ ಪುಸ್ತಕ ಓದುತ್ತೇನೆ. ಐತಾಳರ ಸೊಸೆ ನಾಗವೇಣಿಯ ಪಿಟೀಲಿನ ಪುಟಗಳಲ್ಲಿ ಅಳು ಬರುತ್ತದೆ ಎನ್ನುವವರಿದ್ದಾರೆ. ನಾನು ಅಷ್ಟರೊಳಗೇ ಅತ್ತು ಮುಗಿಸಿರುತ್ತೇನೆ.

ಎರಡನೆಯದು ದೇವನೂರ ಮಹಾದೇವರ ‘ಒಡಲಾಳ’. ಮೊದಲ ಸಲ ಹತ್ತು ಪುಟಕ್ಕೇ ಕೆಳಗಿಟ್ಟಿದ್ದೆ. ಮಲೆನಾಡಿನವಳಾದ ನನಗೆ ನಂಜನಗೂಡು ಸೀಮೆಯ ಮಾತು ನಾಲಿಗೆಗೆ ಹತ್ತಲಿಲ್ಲ. ನಮ್ಮ ಗ್ರಂಥಾಲಯದ ಜವಾನರು ಆ ಕಡೆಯವರು. ಊಟದ ಬಿಡುವಿನಲ್ಲಿ ಗಟ್ಟಿಯಾಗಿ ಓದಿ ಎಂದು ಅವರ ಕೈಗೇ ಕೊಟ್ಟೆ. ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕುವಲ್ಲಿ ಅವರು ನಕ್ಕರು, ನಾನೂ ನಕ್ಕೆ. ಮನೆಮಂದಿಯೆಲ್ಲ ರಾತ್ರಿ ಬೆಂಕಿಯ ಸುತ್ತ ಕುಳಿತು, ಕದ್ದು ತಂದ ಕಡಲೆಕಾಯಿ ತಿನ್ನುವ ಭಾಗ ಬಂದಾಗ ಅವರ ದನಿ ನಿಧಾನವಾಯಿತು. ಪುಸ್ತಕ ಮಡಚಿ, “ಮೇಡಂ, ತಿನ್ನುವುದು ಕಷ್ಟವಲ್ಲ. ಸಿಪ್ಪೆ ಎಲ್ಲಿ ಹಾಕುವುದು ಎಂಬುದೇ ಚಿಂತೆ” ಎಂದರು. ಆ ಕೃತಿಯ ಮೇಲಿನ ಎಷ್ಟೋ ಉಪನ್ಯಾಸಗಳಿಗೆ ಕುರ್ಚಿ ಹಾಕಿಸಿದವಳು ನಾನು. ಸಿಪ್ಪೆಯ ಮಾತು ಅಲ್ಲೆಲ್ಲೂ ಬರಲಿಲ್ಲ. ಅವರನ್ನು ಇನ್ನಷ್ಟು ಕೇಳಬೇಕು ಎನ್ನಿಸಿತು, ಆದರೆ ಬಾಯಿ ಬರಲಿಲ್ಲ. ಮರುದಿನ ಅವರೇ ಪುಸ್ತಕ ತೆಗೆದು ಮುಂದಿನ ಪುಟದಿಂದ ಶುರು ಮಾಡಿದರು.

ಮೂರನೆಯದು ತೇಜಸ್ವಿಯವರ ‘ಕರ್ವಾಲೊ’, 1980ರದು. ಇದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಉದ್ದ ಮಾಡುವುದಿಲ್ಲ. ಹಾರುವ ಓತಿಯ ಹುಡುಕಾಟದಲ್ಲಿ, ಊರು ಪೋಲಿ ಎನ್ನುವ ಮಂದಣ್ಣನ ಕಣ್ಣನ್ನು ವಿಜ್ಞಾನಿಯೊಬ್ಬ ಗೌರವಿಸುತ್ತಾನೆ. ನನಗೆ ಅಷ್ಟು ಸಾಕು. ಓದಿದ ಮೇಲೆ ನಮ್ಮ ಅಡಿಕೆ ತೋಟದಲ್ಲಿ ಕತ್ತೆತ್ತಿಕೊಂಡು ತಿರುಗಿದೆ. ಕೊನೆ ಕೊಯ್ಯುವವರನ್ನು ಕೇಳಿದರೆ ಹಾರುವ ಓತಿ ಅವರಿಗೆ ದಿನವೂ ಕಾಣುವ ಪ್ರಾಣಿ! ಕಾದಂಬರಿಯ ಓತಿ ಬೇರೆ, ಯುಗಗಳಾಚೆಯದು. ನಮ್ಮದು ಗೇಣುದ್ದದ್ದು. ಆದರೂ ಮರದಿಂದ ಮರಕ್ಕೆ ತೇಲಿದಾಗ ನಾನು ಚೀರಿದ್ದು ನಿಜ.

ಪ್ರಶ್ನೆ: ‘ಮಲೆಗಳಲ್ಲಿ ಮದುಮಗಳು’ ಮೂರು ಸಲ ಆರಂಭಿಸಿ ಬಿಟ್ಟಿದ್ದೇನೆ. ಪಾತ್ರಗಳ ಹೆಸರೇ ನೆನಪಿರುವುದಿಲ್ಲ. ಏನು ಮಾಡಲಿ?
(ಓದುಗರೊಬ್ಬರು, ಬಳ್ಳಾರಿ)

ಇಲ್ಲಿ ಯಾರೂ ಮುಖ್ಯರಲ್ಲ ಎಂದು ಕುವೆಂಪು ಆರಂಭದಲ್ಲೇ ಅಪ್ಪಣೆ ಕೊಟ್ಟಿದ್ದಾರೆ, ಹೆಸರು ಮರೆತದ್ದಕ್ಕೆ ತಪ್ಪು ಕಾಣಿಕೆ ಕಟ್ಟಬೇಕಿಲ್ಲ. ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯ, ಈ ಇಬ್ಬರನ್ನು ಮಾತ್ರ ಹಿಡಿದುಕೊಳ್ಳಿ. ಉಳಿದವರು ದಾರಿಯಲ್ಲಿ ತಾವಾಗಿಯೇ ಸಿಗುತ್ತಾರೆ. ಮಳೆಗಾಲದಲ್ಲಿ ಓದಿ. ಬಳ್ಳಾರಿಯಲ್ಲಿ ಮಳೆಗಾಲ ಎಷ್ಟು ದಿನ ಎಂದು ನನ್ನನ್ನು ಕೇಳಬೇಡಿ.

ಪ್ರಶ್ನೆ: ಕನ್ನಡಿಗರ ಮೆಚ್ಚಿನ ಪುಸ್ತಕ ಎಂದರೆ ‘ಮಂಕುತಿಮ್ಮನ ಕಗ್ಗ’ ಅಲ್ಲವೇ? ನೀವು ಅದರ ಹೆಸರನ್ನೇ ಎತ್ತುವುದಿಲ್ಲ!
(ಓದುಗರೊಬ್ಬರು, ಮುಳಬಾಗಿಲು)

ನಿಮ್ಮದು ಡಿ.ವಿ.ಜಿ.ಯವರ ಊರು, ಸಿಟ್ಟು ಸಹಜ. ನಮ್ಮ ಮನೆಯಲ್ಲಿ ಕಗ್ಗದ ಐದು ಪ್ರತಿಗಳಿವೆ, ಐದೂ ಸನ್ಮಾನದ ಹಾರದ ಜೊತೆಗೆ ಬಂದವು. 945 ಪದ್ಯಗಳನ್ನು ಒಂದೇ ಸಮನೆ ಓದಿದವಳಲ್ಲ ನಾನು. ಕರೆಂಟು ಹೋದಾಗ ಒಂದು, ಬಸ್ಸು ತಡವಾದಾಗ ಒಂದು. ಹಾಗೆ ಮುನ್ನೂರು ದಾಟಿರಬಹುದು. ನಮ್ಮ ಕಡೆ ಕರೆಂಟು ಹೋಗುವ ರೀತಿ ನೋಡಿದರೆ ಬೇಗ ಮುಗಿಯುತ್ತದೆ.

ಪ್ರಶ್ನೆ: ಈ ಪುಸ್ತಕಗಳನ್ನು ಎರವಲು ಕೊಡುತ್ತೀರಾ?
(ಓದುಗರೊಬ್ಬರು, ತೀರ್ಥಹಳ್ಳಿ)

ಇಲ್ಲ. ಜೀವನವಿಡೀ ಮಾಡಿದ್ದು ಅದೇ ಕೆಲಸ, ಈಗ ನಿವೃತ್ತಿ. ಮನೆಗೆ ಬಂದು ಜಗಲಿಯಲ್ಲಿ ಕುಳಿತು ಓದಿ. ಕಾಫಿ ಕೊಡುತ್ತೇನೆ. ಲೋಟವನ್ನು ಪುಸ್ತಕದ ಮೇಲೆ ಇಟ್ಟರೆ ಮಾತ್ರ ಎರಡನೆಯ ಕಾಫಿ ಇಲ್ಲ.