ಪರವಾನಗಿ ಇದ್ದರೆ ಬೇಟೆ ಸರಿಯಾಗುತ್ತದೆಯೇ?

ಪ್ರಶ್ನೆ: ಪರವಾನಗಿ ಪಡೆದು, ಅನುಮತಿಯಿರುವ ಋತುವಿನಲ್ಲಿ, ನಿಗದಿತ ಸಂಖ್ಯೆಯನ್ನು ಮೀರದೆ ಬೇಟೆಯಾಡುವವನನ್ನು ಅನೈತಿಕ ಎಂದು ದೂರುವುದು ನ್ಯಾಯವೇ? ಕಾನೂನೇ ಒಪ್ಪಿದ ಮೇಲೆ ನೀತಿಯ ಪ್ರಶ್ನೆ ಎಲ್ಲಿ ಉಳಿಯುತ್ತದೆ?

ಉತ್ತರ: ಬೇಟೆಯ ಕಾನೂನು ಬಹುಮಟ್ಟಿಗೆ ಎಣಿಕೆಯ ಕಾನೂನು. ಯಾವ ಪ್ರಭೇದ, ಯಾವ ತಿಂಗಳು, ಎಷ್ಟು ಪ್ರಾಣಿ, ಯಾವ ಆಯುಧ ಎಂಬುದನ್ನು ಅದು ಗೊತ್ತುಪಡಿಸುತ್ತದೆ. ಅದರ ಗಮನವೆಲ್ಲ ಪ್ರಭೇದದ ಉಳಿವು ಮತ್ತು ಜನರ ಸುರಕ್ಷತೆಯ ಕಡೆಗಿರುತ್ತದೆ. ಗುಂಡು ತಗುಲಿದ ಆ ಒಂದು ಪ್ರಾಣಿ ಹೇಗೆ ಸತ್ತಿತು ಎಂಬುದು ಅದರ ಲೆಕ್ಕಕ್ಕೆ ಬರುವುದು ಅಪರೂಪ. ನೀತಿಯ ಪ್ರಶ್ನೆ ಉಳಿಯುವುದು ಅಲ್ಲಿಯೇ.

ಬೆಳಕು ಇಳಿಯುತ್ತಿರುವಾಗ, ತನ್ನ ಗುರಿಗೆ ನಿಲುಕದಷ್ಟು ದೂರದಲ್ಲಿರುವ ಜಿಂಕೆಯತ್ತ ಗುಂಡು ಹಾರಿಸುವುದು ಕಾನೂನಿನ ಪ್ರಕಾರ ತಪ್ಪಲ್ಲದಿರಬಹುದು. ಆದರೆ ಅದು ಹೊಟ್ಟೆಗೆ ಪೆಟ್ಟು ತಿಂದು ಗಂಟೆಗಟ್ಟಲೆ ನರಳೀತು ಎಂದು ತಿಳಿದೂ ಹಾರಿಸಿದವನಿಗೆ ಪರವಾನಗಿಯ ಕಾಗದ ಸಮರ್ಥನೆಯಾಗದು. ಗಾಯಗೊಂಡ ಪ್ರಾಣಿಯ ಜಾಡು ಹಿಡಿದು ಹೋಗದೆ ಮನೆಗೆ ಮರಳುವವನ ವಿಷಯದಲ್ಲೂ ಇದೇ ಮಾತು. ಜರ್ಮನಿಯ ಬೇಟೆ ಕಾಯಿದೆ ಬೇಟೆಗಾರರಲ್ಲಿ ಸಾಮಾನ್ಯವಾಗಿ ಮಾನ್ಯವಾದ ಸದಾಚಾರದ ತತ್ವಗಳನ್ನು ಪಾಲಿಸಬೇಕೆಂದೇ ವಿಧಿಸುತ್ತದೆ. ಇಷ್ಟು ಸ್ಪಷ್ಟವಾಗಿ ನೀತಿಯನ್ನು ಒಳಗೆ ಬಿಟ್ಟುಕೊಂಡ ಕಾನೂನುಗಳು ಹೆಚ್ಚಿಲ್ಲ.

ಕಾನೂನು ಎಷ್ಟೋ ಸಲ ತಡವಾಗಿಯೂ ಬರುತ್ತದೆ. ನೀರುಹಕ್ಕಿಗಳ ಬೇಟೆಯಲ್ಲಿ ಬಳಸಿದ ಸೀಸದ ಚರೆಗಳು ಕೆರೆಯ ತಳಕ್ಕೆ ಬಿದ್ದು, ಬಾತುಗಳು ಅವನ್ನು ಹರಳುಕಲ್ಲಿನಂತೆ ನುಂಗಿ ವಿಷವೇರಿ ಸಾಯುತ್ತಿದ್ದವು. ಅಮೆರಿಕದಾದ್ಯಂತ ಈ ಬಳಕೆ ನಿಷಿದ್ಧವಾದದ್ದು 1991ರಲ್ಲಿ. ಅದಕ್ಕೆ ಹಿಂದಿನ ವರ್ಷ ಸತ್ತ ಬಾತುಗಳ ನೋವು ಕಡಿಮೆಯದೇನೂ ಆಗಿರಲಿಲ್ಲ. ಅದೇ ದೇಶದಲ್ಲಿ ಒಂದು ಕಾಲಕ್ಕೆ ಕೋಟ್ಯಂತರ ಸಂಖ್ಯೆಯಲ್ಲಿದ್ದ ಪ್ಯಾಸೆಂಜರ್ ಪಾರಿವಾಳದ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಅವುಗಳನ್ನು ಕೊಂದವರಲ್ಲಿ ಹೆಚ್ಚಿನವರು ಯಾವ ಕಾನೂನನ್ನೂ ಮುರಿದಿರಲಿಲ್ಲ.

ಬೇಟೆಗಾರರೇ ತಮಗೆ ಹಾಕಿಕೊಂಡ ಕಟ್ಟುಪಾಡುಗಳೂ ಇವೆ. ಥಿಯೋಡರ್ ರೂಸ್‌ವೆಲ್ಟ್ ಮತ್ತು ಅವರ ಸಂಗಡಿಗರು 1887ರಲ್ಲಿ ಸ್ಥಾಪಿಸಿದ ಬೂನ್ ಆ್ಯಂಡ್ ಕ್ರಾಕೆಟ್ ಕ್ಲಬ್, ಪ್ರಾಣಿಗೆ ತಪ್ಪಿಸಿಕೊಳ್ಳುವ ನಿಜವಾದ ಅವಕಾಶವಿರಬೇಕು ಎಂಬ ನಿಯಮವನ್ನು ಎತ್ತಿಹಿಡಿಯಿತು. ದಕ್ಷಿಣ ಆಫ್ರಿಕಾದಲ್ಲಿ ಸಾಕಿ ಬೆಳೆಸಿದ ಸಿಂಹವನ್ನು ಬೇಲಿಯೊಳಗೆ ಬಿಟ್ಟು, ಹಣ ತೆತ್ತವರಿಂದ ಹೊಡೆಸುವ ವ್ಯವಹಾರ ಪರವಾನಗಿಯ ಮೇಲೆಯೇ ವರ್ಷಗಟ್ಟಲೆ ನಡೆದಾಗ ಅನೇಕ ಬೇಟೆಗಾರರೇ ಅದನ್ನು ಖಂಡಿಸಿದ್ದು ಈ ನಿಯಮದ ಬಲದಿಂದ. ಕೊಲ್ಲುವುದೇ ತಪ್ಪು ಎನ್ನುವವರಿಗೆ ಇದು ಉತ್ತರವಲ್ಲ, ನಿಜ; ತಪ್ಪಿಸಿಕೊಳ್ಳುವ ಅವಕಾಶವಿದ್ದರೂ ಸಾಯುವ ಪ್ರಾಣಿ ಸಾಯುತ್ತದೆ.

ಆದ್ದರಿಂದ ನೀವು ಹೇಳುವ ಬೇಟೆಗಾರನನ್ನು ಅಪರಾಧಿ ಎನ್ನುವುದು ಅನ್ಯಾಯ. ಅವನ ನಡತೆಯನ್ನು ಪ್ರಶ್ನಿಸುವುದು ಅನ್ಯಾಯವಲ್ಲ. ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಹಸಿದ ಮಕ್ಕಳಿಗಾಗಿ ನಿಷೇಧದ ಋತುವಿನಲ್ಲಿ ಒಂದು ಮೊಲವನ್ನು ಹಿಡಿದವನಿಗೆ ನ್ಯಾಯಾಲಯ ದಂಡ ವಿಧಿಸಬಹುದು, ವಿಧಿಸಬೇಕಾಗಿಯೂ ಬರಬಹುದು, ಏಕೆಂದರೆ ಒಬ್ಬೊಬ್ಬರಿಗೂ ವಿನಾಯಿತಿ ಕೊಡುತ್ತ ಹೋದರೆ ನಿಷೇಧಕ್ಕೆ ಅರ್ಥವೇ ಉಳಿಯದು. ಆದರೂ ಗೋಡೆಯ ಅಲಂಕಾರಕ್ಕೆಂದು ಬೇಲಿಯೊಳಗಿನ ಸಿಂಹವನ್ನು ಹೊಡೆದವನಿಗಿಂತ ಇವನು ಕೀಳೆಂದು ನಾನು ಹೇಳಲಾರೆ.