ಪೋಪ್ ಬದಲಾದರೆ ಬ್ರಹ್ಮಾವರದಲ್ಲಿ ಏನು ಬದಲಾಗುತ್ತದೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಪೋಪ್ ಬಗ್ಗೆಯೇ. ಹೊಸ ಪೋಪ್ ಟರ್ಕಿಗೆ ಹೋಗಿ ಆರ್ಥೊಡಾಕ್ಸ್ ಗುರುಗಳ ಪಕ್ಕ ನಿಂತು ಪ್ರಾರ್ಥಿಸಿದ ಫೋಟೊ ಎಲ್ಲರ ಮೊಬೈಲಿಗೂ ಬಂದಿದೆ, ಅದಕ್ಕೇ ಇರಬೇಕು. ನಾನು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತಳಾದವಳು. ದೇವಶಾಸ್ತ್ರ ಓದಿದವಳಲ್ಲ. ಪೋಪ್‌ಗೂ ನನಗೂ ಒಂದೇ ಪ್ರಾಯ, ಇಬ್ಬರೂ 1955ರಲ್ಲಿ ಹುಟ್ಟಿದವರು. ಅರ್ಹತೆ ಅಂತ ಹೇಳಿದರೆ ಅಷ್ಟೆ.

ಹೊಸ ಪೋಪ್ ಬಂದ ಮೇಲೆ ಕ್ಯಾಥೊಲಿಕರು ಮತ್ತು ಆರ್ಥೊಡಾಕ್ಸರು ಒಂದಾಗುತ್ತಾರಂತೆ. ಹೌದಾ? — ಕಾರ್ಕಳದ ಓದುಗರು

ಇಲ್ಲ. ಸದ್ಯಕ್ಕಂತೂ ಇಲ್ಲ. ಆದರೆ ನೀವು ನೋಡಿದ ಫೋಟೊ ಸುಮ್ನೆ ತೆಗೆಸಿಕೊಂಡದ್ದಲ್ಲ.

2025ರ ಏಪ್ರಿಲ್ 21ರಂದು ಪೋಪ್ ಫ್ರಾನ್ಸಿಸ್ ತೀರಿಕೊಂಡರು. ಮೇ 8ಕ್ಕೆ 14ನೇ ಲಿಯೊ ಆಯ್ಕೆಯಾದರು. ಊರು ಅಮೆರಿಕದ ಶಿಕಾಗೊ, ಬಿಷಪ್ ಆಗಿ ದುಡಿದದ್ದು ಪೆರುವಿನಲ್ಲಿ. ಅವರ ಮೊದಲ ವಿದೇಶ ಪ್ರವಾಸ ಅದೇ ನವೆಂಬರಿನಲ್ಲಿ, ಟರ್ಕಿ ಮತ್ತು ಲೆಬನಾನಿಗೆ. ಟರ್ಕಿಯಲ್ಲಿ ಇಜ್ನಿಕ್ ಎಂಬ ಊರಿದೆ. ಹಳೆಯ ಹೆಸರು ನೈಸಿಯಾ. 325ರಲ್ಲಿ ಎಲ್ಲ ಕಡೆಯ ಬಿಷಪರು ಅಲ್ಲಿ ಸೇರಿ, ‘ನಾವು ನಂಬುವುದು ಇದನ್ನು’ ಎಂದು ಒಂದು ಪ್ರಾರ್ಥನೆ ಒಪ್ಪಿಕೊಂಡರು. ಅದಕ್ಕೆ 1700 ವರ್ಷ ತುಂಬಿತು. ಅಲ್ಲಿನ ಕೆರೆಯ ದಡದಲ್ಲಿ ಹಳೆಯ ಇಗರ್ಜಿಯೊಂದರ ಪಾಯ ಮಾತ್ರ ಉಳಿದಿದೆ. ನವೆಂಬರ್ 28ರಂದು ಅದರ ಪಕ್ಕ ನಿಂತು ಪೋಪ್ ಮತ್ತು ಕಾನ್‌ಸ್ಟಾಂಟಿನೋಪಲ್‌ನ (ಈಗಿನ ಇಸ್ತಾಂಬುಲ್) ಪೇಟ್ರಿಯಾರ್ಕ್, ಅಂದರೆ ಆರ್ಥೊಡಾಕ್ಸರ ಹಿರಿಯ ಗುರು, ಬಾರ್ತಲೊಮಿಯೊ ಆ ಪ್ರಾರ್ಥನೆ ಹೇಳಿದರು. ಹೋಗಬೇಕೆಂದು ಆಸೆಪಟ್ಟವರು ಫ್ರಾನ್ಸಿಸ್, ಹೋದವರು ಲಿಯೊ.

ಅಲ್ಲಿ ಪೋಪ್ ಹೇಳಿದ್ದಕ್ಕಿಂತ ಹೇಳದೆ ಬಿಟ್ಟ ಮಾತೇ ನನಗೆ ದೊಡ್ಡದಾಗಿ ಕಂಡಿತು. ಪವಿತ್ರಾತ್ಮ ‘ಪಿತನಿಂದ’ ಹೊರಡುತ್ತಾನೆ ಎಂಬುದು ಹಳೆಯ ಪಾಠ, 381ರ ಮಹಾಸಭೆಯ ಕಾಲದ್ದು. ‘ಮತ್ತು ಪುತ್ರನಿಂದ’ ಎಂದು ಪಶ್ಚಿಮದವರು, ಅಂದರೆ ರೋಮಿನ ಕಡೆಯವರು, ಆಮೇಲೆ ಸೇರಿಸಿಕೊಂಡರು. ಲ್ಯಾಟಿನ್‌ನಲ್ಲಿ ಅದು ಒಂದೇ ಪದ, ಫಿಲಿಯೋಕ್ವೆ. ನಮ್ಮನ್ನು ಕೇಳದೆ ಯಾಕೆ ಸೇರಿಸಿದಿರಿ ಎಂದು ಪೂರ್ವದವರು, ಅಂದರೆ ಆರ್ಥೊಡಾಕ್ಸರು, ಸಾವಿರ ವರ್ಷದಿಂದ ಕೇಳುತ್ತಿದ್ದಾರೆ. ಕುಟುಂಬದ ಕರಾರುಪತ್ರಕ್ಕೆ ಅಣ್ಣ ಒಬ್ಬನೇ ಒಂದು ಸಾಲು ಬರೆದುಕೊಂಡರೆ ತಮ್ಮ ಬಿಡುತ್ತಾನಾ? ಸಾಲಿನ ಅರ್ಥ ಆಮೇಲಿನ ಮಾತು, ಕೇಳದೆ ಬರೆದದ್ದೇ ಮೊದಲ ತಕರಾರು. ಇಜ್ನಿಕ್‌ನಲ್ಲಿ ಆ ಸಾಲು ಬಿಟ್ಟು ಓದಿದರು. ಮರುದಿನ ಇಸ್ತಾಂಬುಲ್‌ನಲ್ಲಿ ಇಬ್ಬರೂ ಜಂಟಿ ಘೋಷಣೆಗೆ ಸಹಿ ಹಾಕಿದರು.

ಹಾಗಂತ ಇದೆಲ್ಲ ಲಿಯೊ ಶುರು ಮಾಡಿದ್ದಲ್ಲ. 1964ರಲ್ಲಿ ಆರನೇ ಪಾಲ್ ಮತ್ತು ಪೇಟ್ರಿಯಾರ್ಕ್ ಅಥೆನಗೊರಾಸ್ ಜೆರುಸಲೇಮಿನಲ್ಲಿ ಅಪ್ಪಿಕೊಂಡರು. 1965ರ ಡಿಸೆಂಬರ್ 7ರಂದು 1054ರಲ್ಲಿ ಪರಸ್ಪರ ಹಾಕಿಕೊಂಡ ಬಹಿಷ್ಕಾರಗಳನ್ನು ಎರಡೂ ಕಡೆಯವರು ನೆನಪಿನಿಂದಲೇ ಅಳಿಸಿದ್ದೇವೆ ಎಂದರು. ಎರಡನೇ ಜಾನ್ ಪಾಲ್ 2001ರಲ್ಲಿ ಅಥೆನ್ಸಿಗೆ ಹೋಗಿ, 1204ರಲ್ಲಿ ಕ್ರುಸೇಡಿನ ಸೈನಿಕರು ಕಾನ್‌ಸ್ಟಾಂಟಿನೋಪಲ್ ಲೂಟಿ ಮಾಡಿದ್ದಕ್ಕೆ ವಿಷಾದ ಹೇಳಿದರು. ಪ್ರತಿಯೊಬ್ಬ ಪೋಪ್ ಒಂದೊಂದು ಮೊಳೆ ಕಿತ್ತಿದ್ದಾರೆ. ಬಾಗಿಲು ಮಾತ್ರ ಇನ್ನೂ ತೆರೆದಿಲ್ಲ. ಒಳಗಿನ ದೊಡ್ಡ ಚಿಲಕ ಪೋಪ್ ಪದವಿಯೇ ಅಲ್ವಾ? ರೋಮಿನ ಬಿಷಪರಿಗೆ ಗೌರವದಲ್ಲಿ ಮೊದಲ ಸ್ಥಾನ ಕೊಡಲು ಆರ್ಥೊಡಾಕ್ಸರಿಗೆ ಅಷ್ಟೇನೂ ಕಷ್ಟವಿಲ್ಲ. ಅವರ ಅಪ್ಪಣೆ ಎಲ್ಲ ಊರಲ್ಲೂ ನಡೆಯಬೇಕು ಎಂದಾಗ ಮಾತು ನಿಲ್ಲುತ್ತದೆ.

ಆರ್ಥೊಡಾಕ್ಸರಿಗೆ ಒಬ್ಬ ಪೋಪ್ ಯಾಕಿಲ್ಲ? — ಕಾಪುವಿನ ಓದುಗರು

ಉಡುಪಿಯ ಪಕ್ಕದಲ್ಲೇ ಇದ್ದು ಇದನ್ನು ಕೇಳುತ್ತೀರಲ್ಲ ಮಾರಾಯ್ರೆ! ಅಷ್ಟಮಠಗಳನ್ನು ನೋಡಿ. ಪ್ರತಿ ಮಠಕ್ಕೂ ಅದರದೇ ಸ್ವಾಮಿಗಳು, ಅದರದೇ ಆಸ್ತಿ. ಪರ್ಯಾಯ ಪೀಠದಲ್ಲಿ ಕೂತವರಿಗೆ ಮೊದಲ ಮರ್ಯಾದೆ, ಆದರೆ ಅವರು ಉಳಿದ ಏಳು ಮಠದ ಒಡೆಯರಲ್ಲ. ಗ್ರೀಸ್, ರಷ್ಯ, ರೊಮೇನಿಯ, ಸರ್ಬಿಯದ ಸಭೆಗಳೂ ಹೆಚ್ಚು ಕಮ್ಮಿ ಹೀಗೆಯೇ. ವ್ಯತ್ಯಾಸ ಏನೆಂದರೆ ಅಲ್ಲಿ ಎರಡು ವರ್ಷಕ್ಕೊಮ್ಮೆ ಸರದಿ ಬದಲಾಗುವುದಿಲ್ಲ. ಮೊದಲ ಮರ್ಯಾದೆ ಯಾವತ್ತೂ ಕಾನ್‌ಸ್ಟಾಂಟಿನೋಪಲ್‌ಗೆ. ಮಾಸ್ಕೋದವರ ಹೊಟ್ಟೆಯುರಿ ಅಲ್ಲೇ ಇರುವುದು.

ನಾವು ಬ್ರಹ್ಮಾವರದ ಆರ್ಥೊಡಾಕ್ಸ್ ಕ್ರೈಸ್ತರು. ಪೋಪ್ ಟರ್ಕಿಯಲ್ಲಿ ಭೇಟಿ ಮಾಡಿದ್ದು ನಮ್ಮ ಸಭೆಯ ಮುಖ್ಯಸ್ಥರನ್ನೇ ಎಂದು ಮಗಳು ಹೇಳುತ್ತಾಳೆ. ಸರಿಯಾ? — ಬ್ರಹ್ಮಾವರದ ಓದುಗಿ

ಮಗಳಿಗೆ ಅರ್ಧ ಅಂಕ ಕೊಡಿ. ಹೆಸರು ಒಂದೇ, ಮನೆ ಬೇರೆ. ನಿಮ್ಮದು ಮಲಂಕರ ಆರ್ಥೊಡಾಕ್ಸ್ ಸಿರಿಯನ್ ಸಭೆ, ಕೊಟ್ಟಾಯಂನಲ್ಲಿ ಕೇಂದ್ರ. ಈಜಿಪ್ಟಿನ ಕಾಪ್ಟಿಕರು, ಅರ್ಮೇನಿಯನರು, ಇಥಿಯೋಪಿಯದವರು ನಿಮ್ಮ ದಾಯಾದಿಗಳು. ಕಾನ್‌ಸ್ಟಾಂಟಿನೋಪಲ್‌ನವರಲ್ಲ.

ಇಲ್ಲಿ ಒಂದು ತಮಾಷೆ ಇದೆ. ಚರಿತ್ರೆ ಮೇಷ್ಟ್ರುಗಳಿಗೆ ಮಾತ್ರ ನಗು ಬರುವ ತಮಾಷೆ. ಹೊಸ ಪೋಪ್ ಲಿಯೊ ಎಂದು ಹೆಸರಿಟ್ಟುಕೊಂಡರಲ್ಲ, ಒಗ್ಗಟ್ಟಿನ ವಿಷಯದಲ್ಲಿ ಇದಕ್ಕಿಂತ ಎಡವಟ್ಟಿನ ಹೆಸರು ಹುಡುಕಿದರೂ ಸಿಗಲಿಕ್ಕಿಲ್ಲ.

ಒಂದನೇ ಲಿಯೊ 449ರಲ್ಲಿ ಒಂದು ಪತ್ರ ಬರೆದರು. ಕ್ರಿಸ್ತನಲ್ಲಿ ದೈವ ಸ್ವಭಾವ, ಮನುಷ್ಯ ಸ್ವಭಾವ ಎರಡೂ ಇವೆ ಎಂದು ಅದರ ಸಾರ. 451ರಲ್ಲಿ ಕಾಲ್ಸಿಡನ್ ಎಂಬಲ್ಲಿ ಸೇರಿದ ಮಹಾಸಭೆ ಅದನ್ನು ಎತ್ತಿ ಹಿಡಿಯಿತು. ಈಗ ಆ ಜಾಗ ಇಸ್ತಾಂಬುಲ್‌ನ ಒಂದು ಬಡಾವಣೆ. ಈಜಿಪ್ಟ್, ಸಿರಿಯದ ಬಹಳ ಜನ ಒಪ್ಪಲಿಲ್ಲ. ನಿಮ್ಮ ಮನೆತನ ಬೇರೆಯಾದದ್ದು ಆಗ.

ಒಂಬತ್ತನೇ ಲಿಯೊ ಕಾನ್‌ಸ್ಟಾಂಟಿನೋಪಲ್‌ಗೆ ದೂತರನ್ನು ಕಳಿಸಿದರು. 1054ರ ಜುಲೈಯಲ್ಲಿ ಕಾರ್ಡಿನಲ್ ಹಂಬರ್ಟ್ ಎಂಬ ಸಿಡುಕ ಮನುಷ್ಯ ಹಾಗಿಯಾ ಸೋಫಿಯಾದ ಬಲಿಪೀಠದ ಮೇಲೆ ಬಹಿಷ್ಕಾರದ ಕಾಗದ ಇಟ್ಟು ಹೊರಟುಹೋದ. ಕಳಿಸಿದ ಪೋಪ್ ಏಪ್ರಿಲ್‌ನಲ್ಲೇ ತೀರಿಕೊಂಡಿದ್ದರು! ಬ್ಯಾಂಕಿನವರು ಇಂಥ ಅಧಿಕಾರಪತ್ರ ಒಪ್ಪುತ್ತಾರಾ?

ಇನ್ನು 13ನೇ ಲಿಯೊ. ಈಗಿನ ಪೋಪ್ ಹೆಸರು ತೆಗೆದುಕೊಂಡದ್ದು ಇವರ ನೆನಪಿಗೇ, ಕಾರ್ಮಿಕರ ಪರವಾಗಿ 1891ರಲ್ಲಿ ಬರೆದ ವಿಶ್ವಪತ್ರಕ್ಕಾಗಿ. ಆದರೆ ಇದೇ 13ನೇ ಲಿಯೊ ಕಾಲದಲ್ಲಿ, 1886ರಲ್ಲಿ, ರೋಮ್ ಮತ್ತು ಪೋರ್ಚುಗಲ್ ನಡುವೆ ಒಪ್ಪಂದವಾಯಿತು. ಅಲ್ಲಿಯತನಕ ಗೋವೆಯ ಕೈಕೆಳಗಿದ್ದ ಎಷ್ಟೋ ಇಗರ್ಜಿಗಳು ರೋಮಿನ ನೇರ ಆಡಳಿತಕ್ಕೆ ಹೋದವು. ನಮಗೆ ಗೋವೆಯೇ ಬೇಕು ಎಂದವರು ರೊಚ್ಚಿಗೆದ್ದರು. ಗೋವೆಯ ಪಾದ್ರಿ ಆಲ್ವಾರಿಸ್ ರೋಮನ್ನೇ ಬಿಟ್ಟು 1889ರಲ್ಲಿ ಕೊಟ್ಟಾಯಂನಲ್ಲಿ ಸಿರಿಯನ್ ಆರ್ಥೊಡಾಕ್ಸ್ ಬಿಷಪ್ ಆದರು. ಅವರ ಜತೆಗಾರ ಪಾದ್ರಿ ನೊರೊನ್ಹಾ ಬ್ರಹ್ಮಾವರದಲ್ಲಿ ಸಭೆ ಕಟ್ಟಿದರು. ಅಂದರೆ ಜಗಳದ ಮೂಲ ದೇವಶಾಸ್ತ್ರವಲ್ಲ, ಆಡಳಿತ. ಆರ್ಥೊಡಾಕ್ಸ್ ಆದ ಮೇಲೂ ಬಹಳ ಕಾಲ ಲ್ಯಾಟಿನ್ ಪದ್ಧತಿಯ ಪೂಜೆಯನ್ನೇ ಇಟ್ಟುಕೊಂಡಿದ್ದರು. ಮನೆಮಾತು ಅದೇ ಕೊಂಕಣಿ, ಹಬ್ಬಕ್ಕೆ ಅದೇ ಸಾನ್ನಾ. 2010ರಲ್ಲಿ ಬ್ರಹ್ಮಾವರವೇ ಒಂದು ಧರ್ಮಪ್ರಾಂತ್ಯವಾಯಿತು.

ನಿಮ್ಮ ಮಗಳಿಗೆ ಇನ್ನೊಂದು ವಿಷಯ ಹೇಳಿ. 1990ರ ಜೂನ್ 3ರಂದು ಕ್ಯಾಥೊಲಿಕರೂ ಮಲಂಕರ ಆರ್ಥೊಡಾಕ್ಸರೂ ಒಂದು ಒಪ್ಪಿಗೆ ಪ್ರಕಟಿಸಿದರು. ಕ್ರಿಸ್ತನ ವಿಷಯದಲ್ಲಿ ನಮ್ಮಿಬ್ಬರ ನಂಬಿಕೆ ಒಂದೇ, ಹೇಳುವ ಮಾತು ಬೇರೆ ಎಂದು. 451ರ ಜಗಳಕ್ಕೆ ಹೀಗೆ ಸದ್ದಿಲ್ಲದೆ ತೆರೆ ಬಿತ್ತು. ಇಜ್ನಿಕ್‌ನ ಹಾಗೆ ಫೋಟೊ ಬರಲಿಲ್ಲ, ಯಾರಿಗೂ ಗೊತ್ತಾಗಲೂ ಇಲ್ಲ.

ಮಗ ಯುಕ್ರೇನಿನಲ್ಲಿ ಎಂಬಿಬಿಎಸ್ ಓದುತ್ತಿದ್ದಾಗ ಅಲ್ಲಿ ಜನವರಿ 7ಕ್ಕೆ ಕ್ರಿಸ್‌ಮಸ್, ಈಸ್ಟರ್ ಕೂಡ ಬೇರೆ ದಿನ. ಈ ಪೋಪ್ ಅದನ್ನಾದರೂ ಸರಿ ಮಾಡುತ್ತಾರಾ? — ಮಂಗಳೂರು ಬಿಜೈಯ ಓದುಗರು

ಕ್ರಿಸ್‌ಮಸ್ ಲೆಕ್ಕ ಅಲ್ಲಿ ಆಗಲೇ ಬದಲಾಗಿದೆ. 2023ರಿಂದ ಯುಕ್ರೇನಿನಲ್ಲಿ ಸರ್ಕಾರಿ ರಜೆ ಡಿಸೆಂಬರ್ 25ಕ್ಕೆ. ಅದಕ್ಕೆ ಕಾರಣ ಪೋಪ್ ಅಲ್ಲ, ಯುದ್ಧ. ರಷ್ಯದ ಕ್ಯಾಲೆಂಡರ್ ನಮಗೆ ಬೇಡ ಎಂದರು.

ಈಸ್ಟರ್ ಕಷ್ಟದ್ದು. ವಿಷುವ ಕಳೆದ ಮೇಲಿನ ಹುಣ್ಣಿಮೆ, ಅದರ ಮುಂದಿನ ಭಾನುವಾರ. ಸೂತ್ರ ಇಬ್ಬರದೂ ಒಂದೇ, ಪಂಚಾಂಗ ಬೇರೆ. 1582ರಲ್ಲಿ ಪೋಪ್ ಗ್ರೆಗರಿ ಕ್ಯಾಲೆಂಡರ್ ತಿದ್ದಿದರು. ಆರ್ಥೊಡಾಕ್ಸರು ಈಸ್ಟರಿಗೆ ಹಳೆಯದನ್ನೇ ಇಟ್ಟುಕೊಂಡರು, ಅದು ಈಗ 13 ದಿನ ಹಿಂದಿದೆ. ನಮಗೆ ಇದು ಅರ್ಥವಾಗಲು ಏನು ಕಷ್ಟ? 2025ರಲ್ಲಿ ಕೃಷ್ಣಾಷ್ಟಮಿ ಊರಿಗೆಲ್ಲ ಆಗಸ್ಟಿನಲ್ಲಿ, ಉಡುಪಿ ಮಠಕ್ಕೆ ಸೆಪ್ಟೆಂಬರಿನಲ್ಲಿ. ಊರಿಗೆ ಚಾಂದ್ರಮಾನ, ಮಠಕ್ಕೆ ಸೌರಮಾನ. ವಿಟ್ಲಪಿಂಡಿಯ ಗದ್ದಲ ಏನಾದರೂ ಕಮ್ಮಿಯಾಯಿತಾ?

2025ರಲ್ಲಿ ಎರಡು ಈಸ್ಟರೂ ಏಪ್ರಿಲ್ 20ಕ್ಕೇ ಬಿದ್ದವು. 2026ರಲ್ಲಿ ಏಪ್ರಿಲ್ 5 ಮತ್ತು 12. 2027ರಲ್ಲಂತೂ ಮಾರ್ಚ್ 28 ಮತ್ತು ಮೇ 2. 2028ರಲ್ಲಿ ಮತ್ತೆ ಒಟ್ಟಿಗೆ. ಒಂದೇ ದಿನ ಆಚರಿಸೋಣ ಎಂಬ ಆಸೆ ಇಸ್ತಾಂಬುಲ್ ಘೋಷಣೆಯಲ್ಲೂ ಇದೆ. ಲಿಯೊ ಕೈಯಲ್ಲಿ ಏನಾದರೂ ಆಗುವುದಿದ್ದರೆ ಇದೇ ಎಂದು ನನ್ನ ಅಂದಾಜು. ಆದರೆ ಅವರು ಒಪ್ಪಿದರೆ ಸಾಲದು, ಆರ್ಥೊಡಾಕ್ಸರು ತಮ್ಮೊಳಗೆ ಒಪ್ಪಬೇಕು. ಅವರೊಳಗೇ ಮಾತು ಬಿಟ್ಟುಹೋಗಿದೆ. ಯುಕ್ರೇನಿನ ಸಭೆಗೆ ಸ್ವಾತಂತ್ರ್ಯ ಕೊಡುವ ವಿಷಯದಲ್ಲಿ 2018ರಲ್ಲಿ ಮಾಸ್ಕೋ ಕಾನ್‌ಸ್ಟಾಂಟಿನೋಪಲ್ ಜತೆ ಸಂಬಂಧ ಕಡಿದುಕೊಂಡಿತು. ಫ್ರಾನ್ಸಿಸ್ 2016ರಲ್ಲಿ ಹವಾನಾದ ವಿಮಾನ ನಿಲ್ದಾಣದಲ್ಲಿ ಮಾಸ್ಕೋದ ಪೇಟ್ರಿಯಾರ್ಕ್ ಕಿರಿಲ್ ಅವರನ್ನು ಭೇಟಿಯಾಗಿದ್ದರು. ರೋಮಿನ ಪೋಪ್ ಮಾಸ್ಕೋದ ಪೇಟ್ರಿಯಾರ್ಕರನ್ನು ಕಂಡದ್ದು ಅದೇ ಮೊದಲು. ಆರು ವರ್ಷ ಕಳೆದು ಯುದ್ಧ ಶುರುವಾದಾಗ, ಅದೇ ಕಿರಿಲ್ ಪುಟಿನ್‌ಗೆ ಆಲ್ಟರ್ ಬಾಯ್ (ಪೂಜೆಯಲ್ಲಿ ಪಾದ್ರಿಗೆ ನೆರವಾಗುವ ಹುಡುಗ) ಆಗಬಾರದು ಎಂದು ಫ್ರಾನ್ಸಿಸ್ ಹೇಳಬೇಕಾಯಿತು. ಇಜ್ನಿಕ್‌ನ ಫೋಟೊದಲ್ಲಿ ಕಿರಿಲ್ ಇಲ್ಲ.

ಮಗಳು ಬ್ರಹ್ಮಾವರದ ಆರ್ಥೊಡಾಕ್ಸ್ ಹುಡುಗನನ್ನು ಮೆಚ್ಚಿದ್ದಾಳೆ. ನಾವು ಕ್ಯಾಥೊಲಿಕರು. ಅವರ ಇಗರ್ಜಿಯಲ್ಲಿ ಮದುವೆಯಾದರೆ ನಡೆಯುತ್ತದಾ? ಮನೆಯಲ್ಲಿ ಅತ್ತೆ ಊಟ ಬಿಟ್ಟಿದ್ದಾರೆ. — ಬಾರ್ಕೂರು ಕಡೆಯ ಓದುಗಿ

ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ನಮ್ಮ ಮನೆಯಲ್ಲಿ ಊಟ ಬಿಟ್ಟವರು ಅಜ್ಜಿ.

1969. ನನಗೆ 14 ವರ್ಷ. ನನ್ನ ಮಾವ್ಶಿ, ಅಂದರೆ ಅಮ್ಮನ ತಂಗಿ, ಬ್ರಹ್ಮಾವರದ ಆರ್ಥೊಡಾಕ್ಸ್ ಹುಡುಗನನ್ನೇ ಆಗುತ್ತೇನೆ ಎಂದಳು. ನಾವಿದ್ದದ್ದು ಸ್ವರ್ಣಾ ನದಿಯ ಈಚೆ, ಅವರು ಆಚೆ. ಬಸ್ಸಿನಲ್ಲಿ ಅರ್ಧ ಗಂಟೆಯೂ ಇಲ್ಲ. ಅಜ್ಜಿಗೆ ಅದು ಸಮುದ್ರದಾಚೆ. ಆಗಿನ ಒಬ್ಬ ಪಾದ್ರಾಬ್ ಮನೆಗೆ ಬಂದು, ಈ ಮದುವೆ ದೇವರ ಲೆಕ್ಕದಲ್ಲಿ ಮದುವೆಯೇ ಅಲ್ಲ ಎಂದು ಹೇಳಿಹೋದರು. ಅಜ್ಜಿ ಜಪಸರ ಹಿಡಿದು ಮಲಗಿದವರು ಮೂರು ದಿನ ಏಳಲಿಲ್ಲ. ಮದುವೆಗೆ ಮುಂಚಿನ ರೋಸ್ ಶಾಸ್ತ್ರ ಹಿತ್ತಿಲಿನ ಜಗಲಿಯಲ್ಲಿ, ಹಾಡಿಲ್ಲದೆ. ಅಮ್ಮ ಮತ್ತು ನಾನು ಇಬ್ಬರೇ ಮಾವ್ಶಿಯ ತಲೆಗೆ ತೆಂಗಿನ ಹಾಲು ಹಚ್ಚಿದೆವು. ಅವಳು ಅಳುತ್ತಿದ್ದಳೋ ಹಾಲು ಇಳಿಯುತ್ತಿತ್ತೋ ಗೊತ್ತಾಗಲಿಲ್ಲ.

ನಿವೃತ್ತಿಯಾದ ಮೇಲೆ ಒಂದು ದಿನ ಸುಮ್ನೆ ಓದುತ್ತಾ ಕೂತಾಗ ಗೊತ್ತಾಯಿತು. ಕ್ಯಾಥೊಲಿಕರು ಆರ್ಥೊಡಾಕ್ಸ್ ಗುರುಗಳ ಮುಂದೆ ಮದುವೆಯಾದರೆ ಆ ಮದುವೆ ಊರ್ಜಿತ ಎಂದು ರೋಮ್ 1967ರ ಫೆಬ್ರವರಿಯಲ್ಲೇ ಆದೇಶ ಹೊರಡಿಸಿತ್ತು. ಮಾವ್ಶಿಯ ಮದುವೆಗೆ ಎರಡು ವರ್ಷ ಮೊದಲು! ಆ ಕಾಗದ ಸ್ವರ್ಣಾ ನದಿಯ ದಡಕ್ಕೆ ಬಂದೇ ಇರಲಿಲ್ಲ. ಬಂದಿದ್ದರೂ ಯಾರೂ ಅಜ್ಜಿಗೆ ಓದಿ ಹೇಳಲಿಲ್ಲ. ಪೋಪ್ ಬದಲಾದರೆ ಏನಾಗುತ್ತದೆ ಎಂದು ಯಾರಾದರೂ ಕೇಳಿದಾಗ ನನಗೆ ಅಜ್ಜಿಯ ಆ ಮೂರು ದಿನ ನೆನಪಾಗುತ್ತದೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ನಡೆಯುತ್ತದೆ. ಮೊದಲೇ ನಿಮ್ಮ ಇಗರ್ಜಿಯ ಪಾದ್ರಿಗಳಿಗೆ ಹೇಳಿ, ಬಿಷಪರ ಅನುಮತಿ ಪಡೆಯಿರಿ. ಹುಡುಗನ ಕಡೆಯ ಪಾದ್ರಿಗಳು ಏನು ಕೇಳುತ್ತಾರೆ ಎಂದೂ ವಿಚಾರಿಸಿ. ಅವರ ನಿಯಮ ಅವರದು. ಕುಮ್ಗಾರ್, ಅಂದರೆ ಪೂಜೆಯಲ್ಲಿ ಕೊಡುವ ಪರಮಪ್ರಸಾದ, ಅದರ ವಿಷಯದಲ್ಲಿ ಮಾತ್ರ ಸ್ವಲ್ಪ ಜಾಗ್ರತೆ. ಆರ್ಥೊಡಾಕ್ಸರು ತಾವಾಗಿ ಕೇಳಿದರೆ, ತಕ್ಕ ಮನಸ್ಸಿದ್ದರೆ, ಕೊಡಲು ನಮ್ಮ ಕಾನೂನಿನಲ್ಲಿ ಅವಕಾಶ ಇದೆ. ಅವರ ಕಡೆ ಸಾಮಾನ್ಯವಾಗಿ ನಮಗೆ ಕೊಡುವುದಿಲ್ಲ. ಮದುವೆ ದಿನ ಸಾಲಿನಲ್ಲಿ ನಿಂತ ಮೇಲೆ ಇದು ಗೊತ್ತಾಗಬಾರದು.

ಈಸ್ಟರ್ ಚಿಂತೆ ನಿಮಗಿಲ್ಲ. ಮಲಂಕರದವರು ನಮ್ಮ ದಿನವೇ ಆಚರಿಸುತ್ತಾರೆ. ಮಧ್ಯಾಹ್ನದ ಊಟ ಯಾರ ಮನೆಯಲ್ಲಿ ಎಂಬ ಜಗಳ ಇದ್ದದ್ದೇ.

ಅತ್ತೆಗೆ 1967ರ ಕಾಗದದ ವಿಷಯ ಹೇಳಿ ನೋಡಿ. ರೋಮ್ ಒಪ್ಪಿದೆ ಎಂದರೆ ಗಂಜಿಯಾದರೂ ಕುಡಿದಾರು. ರೋಸ್ ಮಾತ್ರ ಜೋರಾಗಿ ಮಾಡಿ, ಹಾಡು ಹೇಳಿಸಿ. ತೆಂಗಿನಕಾಯಿ ತುರಿಯಲು ಜನ ಕಮ್ಮಿಯಾದರೆ ನನಗೆ ಪತ್ರ ಹಾಕಿ. ಬಸ್ಸು ಹತ್ತಿ ಬರುತ್ತೇನೆ.