ರಾತ್ರಿ ಕಡಲ ದಡದಲ್ಲಿ ಗಾಳ ಹಾಕುವಾಗ ಟಾರ್ಚ್ ಹೇಗೆ ಬಳಸಬೇಕು?

ಪಕ್ಕದಲ್ಲಿ ಗಾಳ ಹಾಕುತ್ತಿದ್ದವರು ಟಾರ್ಚ್ ಆರಿಸಿ ಅಂತ ಸಿಟ್ಟಾದರು, ಯಾಕೆ ಅಂತ ಕೇಳಿದ್ದೀರಿ. ಅವರ ಸಿಟ್ಟಿಗೆ ಕಾರಣ ಇದೆ. ಕತ್ತಲಿಗೆ ಕಣ್ಣು ಚೆನ್ನಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಜೋರಾದ ಬಿಳಿ ಬೆಳಕು ಒಂದು ಸಲ ಬಿದ್ದರೆ ಸಾಕು, ಮತ್ತೆ ಮೊದಲಿನಿಂದ ಶುರು. ಒದ್ದೆ ಬಂಡೆ ಮೇಲೆ ನಿಂತವರಿಗೆ ಇದು ಬರೀ ಕಿರಿಕಿರಿ ಅಲ್ಲ, ಕಾಲು ಜಾರಬಹುದು.

ತಲೆಗೆ ಕಟ್ಟುವ ಟಾರ್ಚಿನ ತೊಂದರೆ ಏನಂದ್ರೆ, ಮಾತಾಡಲು ತಿರುಗಿದರೆ ಬೆಳಕು ನೇರ ಎದುರಿನವರ ಕಣ್ಣಿಗೆ ಹೋಗುತ್ತದೆ. ಅದನ್ನು ಕೆಳಕ್ಕೆ ಬಾಗಿಸಿಡಿ. ಗಂಟು ಹಾಕಲು, ಗಾಳಕ್ಕೆ ಎರೆ ಸಿಕ್ಕಿಸಲು ಮಂದ ಕೆಂಪು ಬೆಳಕು ಸಾಕು, ಅದು ಕಣ್ಣಿನ ಹೊಂದಾಣಿಕೆಯನ್ನು ಅಷ್ಟಾಗಿ ಕೆಡಿಸುವುದಿಲ್ಲ. ಜಾಸ್ತಿ ಬೆಳಕು ಬೇಕಾದರೆ ಸಮುದ್ರಕ್ಕೆ ಬೆನ್ನು ಮಾಡುವ ಬದಲು ಅಲೆ ಕಾಣುವಂತೆ ಓರೆಯಾಗಿ ನಿಂತು ಹಚ್ಚಿ.

ಸುಮ್ನೆ ನೀರಿನ ಮೇಲೆ ಬೆಳಕು ಆಡಿಸಬೇಡಿ. ದಡದ ಹತ್ತಿರ ಬಂದ ಮೀನು ಬೆದರಬಹುದು. ಕಡಲ ಕಡೆಗೆ ಮಿನುಗುವ ಬೆಳಕಂತೂ ಬೇಡವೇ ಬೇಡ. ಯಾರೋ ಸಹಾಯಕ್ಕೆ ಕರೆಯುತ್ತಿದ್ದಾರೆ ಅಂತ ದೋಣಿಯವರು ತಿಳಿಯಬಹುದು, ಅಲ್ವಾ? ಕಡಲಾಮೆ ಮೊಟ್ಟೆಯಿಡುವ ದಡವಾದರೆ ಇನ್ನೂ ಎಚ್ಚರ ಬೇಕು. ಮರಿಗಳು ಬೆಳಕಿನ ಕಡೆಗೇ ಹೋಗಿ ದಾರಿ ತಪ್ಪುತ್ತವೆ.

ಬಂಡೆಗಳ ಮೇಲೆ ನಡೆಯುವಾಗ ಮಾತ್ರ ಸಂಕೋಚ ಬೇಡ, ಟಾರ್ಚ್ ಹಾಕಿಕೊಂಡೇ ನಡೆಯಿರಿ. ಯಾರಾದರೂ ಎದುರಾದರೆ ಬೆಳಕನ್ನು ಅಂಗೈಯಿಂದ ಮರೆ ಮಾಡಿ.